ಹಾಜಾ ಮಸ್ತೂರಾಳ ಅಂಗಳದ ಕಾರು

ಹಾಜಾ ಮಸ್ತೂರಾ ಊರುಗೋಲಿನಿಂದ ತಗಡಿನ ಗೇಟು ಬಡಿದಾಗ ತಾಜಸ್ಸಿರ್ ಎಚ್ಚರವಾಗಿಯೇ ಇದ್ದ. ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಕೂತು ಎದುರಿನ ಗೋಡೆಯನ್ನು ನೋಡುತ್ತಿದ್ದ. ಕೂತು ಎಷ್ಟು ಹೊತ್ತಾಯಿತೆಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಯುದ್ಧ ಶುರುವಾದಂದಿನಿಂದ ಅವನು ಬೆರಳು ಮಡಿಚಿ ದಿನ ಎಣಿಸುತ್ತಿದ್ದ. ಒಂಬತ್ತನೆಯ ದಿನ ಹೆಂಡತಿ ಬತೂಲ್ ತೀರಿಕೊಂಡಳು. ಆಮೇಲೆ ಎಣಿಸುವುದನ್ನು ಬಿಟ್ಟ.

ಬತೂಲಳ ಕಿಡ್ನಿ ಎರಡೂ ಹೋಗಿ ನಾಲ್ಕು ವರ್ಷವಾಗಿತ್ತು. ವಾರಕ್ಕೆರಡು ಸಲ ಬಹ್ರಿಯಿಂದ ನೈಲ್ ನದಿಯ ಸೇತುವೆ ದಾಟಿ ಖಾರ್ತೂಮಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಗುಂಡಿನ ಸದ್ದು ಎದ್ದ ಬೆಳಗ್ಗೆಯೇ ಸೇತುವೆ ಮುಚ್ಚಿತು, ಮರುದಿನ ಆಸ್ಪತ್ರೆಯೂ ಮುಚ್ಚಿತು. ಅವಳ ಕಾಲು ಊದಿತು, ಮುಖ ಊದಿತು, ಉಸಿರು ದಿನದಿನಕ್ಕೆ ಗಿಡ್ಡವಾಯಿತು. ಸ್ಮಶಾನದ ದಾರಿಯಲ್ಲಿ ಹೆಣ ಹೊತ್ತವರಿಗೂ ಗುಂಡು ಬೀಳುತ್ತಿತ್ತು. ಹಾಗಾಗಿ ಅಂಗಳದ ಮೂಲೆಯಲ್ಲಿ, ನಿಂಬೆಗಿಡದ ಪಕ್ಕದಲ್ಲೇ, ಮಣ್ಣು ಮಾಡಿದರು. ಗುಂಡಿ ತೋಡಿದವರು ತಾಜಸ್ಸಿರ್ ಮತ್ತು ಬೀದಿಯ ಕೊನೆಯ ಮನೆಯ ದರ್ಜಿ. ಮೈ ತೊಳೆದವಳು ಎದುರುಮನೆಯ ಹಾಜಾ ಮಸ್ತೂರಾ. ನಲ್ಲಿ ನಿಂತು ನಾಲ್ಕು ದಿನವಾಗಿದ್ದರಿಂದ ಅರ್ಧ ಬಕೆಟ್ ನೀರಿನಲ್ಲಿ ತೊಳೆದಳು. ಮೂರು ದಿನ ಕಳೆದು ದರ್ಜಿ ಸಂಸಾರ ಕಟ್ಟಿಕೊಂಡು ಊರು ಬಿಟ್ಟ. ಅವನ ಹಿಂದೆ ಬೀದಿಗೆ ಬೀದಿಯೇ ಬಿಟ್ಟುಹೋಯಿತು. ಉಳಿದದ್ದು ಈ ಎರಡು ಮನೆ, ಒಂದಷ್ಟು ಬೆಕ್ಕು.

"ಗೇಟು ತೆಗಿ, ತಾಜ್! ಸತ್ತಿದ್ದೀಯೋ ಬದುಕಿದ್ದೀಯೋ ನೋಡ್ಕೊಂಡು ಹೋಗ್ತೀನಿ."

"ತೆಗೆದೇ ಇದೆ, ಹಾಜಾ."

ಹಾಜಾ ಒಳಗೆ ಬಂದಳು. ಎಪ್ಪತ್ತೆಂಟು ವರ್ಷದ ಒಣಕಲು ಮುದುಕಿ, ಎರಡೂ ಕೆನ್ನೆಯ ಮೇಲೆ ಹಿಂದಿನ ಕಾಲದವರಿಗಿರುವ ಮೂರು ಮೂರು ಗೀರು. ವಯಸ್ಸಾದ ಹೆಂಗಸರನ್ನು ಅಲ್ಲಿ ಗೌರವಕ್ಕೆ ಹಾಜಾ ಎಂದೇ ಕರೆಯುವುದು. ಹಿಂದೆಯೇ ಮಗಳು ಇಖ್ಲಾಸ್. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವಳು, ಮದುವೆಯಾಗಿರಲಿಲ್ಲ. ಕೈಯಲ್ಲಿ ಮುಚ್ಚಳ ಮುಚ್ಚಿದ ಬಟ್ಟಲಿತ್ತು.

"ನಿನ್ನೆ ಏನು ತಿಂದೆ?" ಎಂದಳು ಹಾಜಾ.

ತಾಜಸ್ಸಿರ್ ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

"ಹಾಗಾದ್ರೆ ಇದನ್ನ ತಿನ್ನು. ಫೂಲ್ ಕಾಳು. ಎಣ್ಣೆ ಇಲ್ಲ, ಈರುಳ್ಳಿ ಇಲ್ಲ. ಉಪ್ಪು ಮಾತ್ರ ಬೇಕಾದಷ್ಟಿದೆ. ತಿಂದು ಕೈ ತೊಳ್ಕೊಂಡು ಬಾ, ನಮ್ಮ ಕಾರು ನೋಡ್ಬೇಕು ನೀನು."

"ಯಾವ ಕಾರು?"

"ನಮ್ಮ ಮುಸಅಬ್‌ದು. ಬೇವಿನ ಮರದ ಕೆಳಗೆ ನಿಂತಿಲ್ವಾ? ಅದನ್ನ ಸ್ಟಾರ್ಟ್ ಮಾಡ್ಕೊಡು. ಶೆಂದಿಗೆ ಹೋಗ್ತೀವಿ, ನನ್ನ ತಮ್ಮನ ಮನೆಗೆ. ಹಿಟ್ಟು ಇನ್ನೆರಡು ದಿನಕ್ಕೂ ಬರಲ್ಲ."

ಇದಕ್ಕೆ ಮೊದಲು ಎರಡು ಸಲ ತಾಯಿ ಮಗಳು ಅವನನ್ನು ಕರೆದಿದ್ದರು. ನಡೆದಾದರೂ ಹೋಗೋಣ, ಕತ್ತೆಗಾಡಿ ಸಿಕ್ಕರೆ ಅದರಲ್ಲಾದರೂ ಹೋಗೋಣ, ನೀನೂ ಬಾ ಎಂದಿದ್ದರು. ಎರಡು ಸಲವೂ ಅವನು, "ಬತೂಲ್ ಇಲ್ಲೇ ಇದ್ದಾಳೆ," ಎಂದಷ್ಟೇ ಹೇಳಿದ್ದ. ಈ ಸಲ ಅವರು ಬಾ ಎನ್ನಲಿಲ್ಲ. ಬರೀ ಕಾರು ನೋಡು ಎಂದರು. ನಲವತ್ತು ವರ್ಷದಿಂದ ಜನ ಅವನ ಬಳಿ ಬಂದು ಹೇಳುತ್ತಿದ್ದುದೇ ಈ ಮಾತು. ಬೇಡ ಎನ್ನುವುದಕ್ಕಿಂತ ಎದ್ದು ಹೋಗುವುದೇ ಸಲೀಸೆನಿಸಿತು. ಕಾಳು ತಿಂದ. ಉಪ್ಪು ಹೆಚ್ಚಾಗಿತ್ತೇನೋ, ಅವನ ನಾಲಗೆಗೆ ತಿಳಿಯಲಿಲ್ಲ.

ಕೈಗಾರಿಕಾ ಪ್ರದೇಶದಲ್ಲಿದ್ದ ಅವನ ಗ್ಯಾರೇಜನ್ನು ಮೊದಲ ವಾರದಲ್ಲೇ ಲೂಟಿ ಮಾಡಿ ಬೆಂಕಿ ಇಟ್ಟಿದ್ದರು. ಮನೆಯಲ್ಲಿ ಉಳಿದಿದ್ದದ್ದು ಒಂದು ಚೀಲದ ಸಾಮಾನು. ಅದನ್ನು ಹೆಗಲಿಗೆ ಹಾಕಿಕೊಂಡು ಬೀದಿ ದಾಟಿದ. ಹದಿನೈದು ಹೆಜ್ಜೆಯ ಬೀದಿ. ಹಗಲು ಹೊತ್ತಿನಲ್ಲಿ ಅವನು ಅದನ್ನು ದಾಟಿ ತಿಂಗಳಾಗಿತ್ತು.

ಕಾರು ಬಿಳಿಯದು, ಹದಿನೆಂಟು ವರ್ಷ ಹಳೆಯದು. ಅದರ ಮೇಲೆ ಬೇವಿನ ಎಲೆ, ಕಾಗೆಯ ಹಿಕ್ಕೆ, ಬೆರಳು ಗಾತ್ರದ ಧೂಳು. ಹಾಜಾಳ ಮಗ ಮುಸಅಬ್ ದೋಹಾದಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದಾಗ ಓಡಿಸಿ ಹೋಗುತ್ತಿದ್ದ. ಕೊನೆಯ ಸಲ ಬಂದು ಏಳು ತಿಂಗಳಾಗಿತ್ತು.

"ಬಂದೂಕಿನವರು ಇದನ್ನ ಬಿಟ್ಟುಹೋಗಿದ್ದು ಹೇಗೆ?" ಎಂದು ತಾಜಸ್ಸಿರ್ ಕೇಳಿದ. ಬೀದಿಯ ಉಳಿದ ಕಾರುಗಳೆಲ್ಲ ಹೋಗಿದ್ದವು.

"ಎರಡು ಸಲ ಬಂದಿದ್ರು, ಉಸ್ತಾ," ಎಂದಳು ಇಖ್ಲಾಸ್. ಮೆಕ್ಯಾನಿಕ್ಕನ್ನು ಅಲ್ಲಿ ಎಲ್ಲರೂ ಉಸ್ತಾ ಎಂದೇ ಕರೆಯುವುದು. "ಎಷ್ಟು ತಿರುಗಿಸಿದ್ರೂ ಸ್ಟಾರ್ಟ್ ಆಗ್ಲಿಲ್ಲ. ಸ್ಟೆಪ್ನಿ ತಗೊಂಡು ಹೋದ್ರು, ರೇಡಿಯೋ ಕಿತ್ಕೊಂಡ್ರು. ಒಬ್ಬ ಸಿಟ್ಟಿಗೆ ಬಾಗಿಲು ಒದ್ದ, ನೋಡಿ, ಈ ಗುಳಿ."

"ಕೆಟ್ಟಿದ್ದಕ್ಕೇ ಉಳೀತು. ಮನುಷ್ಯರೂ ಅಷ್ಟೇ," ಎಂದಳು ಹಾಜಾ. ಒಲೆಯ ಹತ್ತಿರ ಕೂತು ಕೆಂಡದ ಮೇಲೆ ಕಾಫಿಯ ಮಣ್ಣಿನ ಹೂಜಿ ಇಟ್ಟಳು. ಕಾಫಿ ಬೀಜ ಮುಗಿದು, ಹುರಿದ ಖರ್ಜೂರದ ಬೀಜ ಕುಟ್ಟಿ ಹಾಕುತ್ತಿದ್ದ ದಿನಗಳು.

ತಾಜಸ್ಸಿರ್ ಬಾನೆಟ್ ಎತ್ತಿದ. "ಟೀಚರಮ್ಮ, ಕೂತ್ಕೊಂಡು ಕೀ ತಿರುಗಿಸಿ."

ಇಖ್ಲಾಸ್ ಚಾಲಕನ ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. ಎಲ್ಲೋ ಒಳಗೆ ಟಿಕ್ ಎಂದಿತು, ಅಷ್ಟೇ.

"ಹೆಡ್‌ಲೈಟ್ ಹಾಕಿ." ಅದೂ ಹತ್ತಲಿಲ್ಲ. ಟರ್ಮಿನಲ್ ಮೇಲೆ ಹಸಿರು ಬೂಷ್ಟು ಕಟ್ಟಿತ್ತು. ಉಜ್ಜಿ ತೆಗೆದು ಬಿಗಿದು ಮತ್ತೆ ನೋಡಿದ. ಟಿಕ್. "ಬ್ಯಾಟರಿ ಸತ್ತಿದೆ," ಎಂದ.

"ಬದುಕಿಸು," ಎಂದಳು ಹಾಜಾ.

"ಬದುಕಲ್ಲ. ಬೇರೆದು ಬೇಕು."

"ಎಲ್ಲಿದೆ ಬೇರೆದು?"

ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಒಂದು ಗಳಿಗೆ ನಿಂತು, ಪಾನಾ ಹಿಡಿದುಕೊಂಡು ತನ್ನ ಮನೆಗೆ ಹೋದ. ಮಲಗುವ ಕೋಣೆಯಲ್ಲಿ ಬತೂಲಳ ಮಂಚದ ತಲೆದೆಸೆಗೆ ಪಿಕಪ್ ವ್ಯಾನಿನ ಬ್ಯಾಟರಿಯೊಂದಿತ್ತು. ಕರೆಂಟು ಹೋದ ಎರಡನೆಯ ದಿನ, ಸೆಖೆಗೆ ಅವಳು ಉಸಿರಾಡಲಾರದೆ ಒದ್ದಾಡುತ್ತಿದ್ದಾಗ, ಗ್ಯಾರೇಜಿನಿಂದ ಅದನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಚಾವಣಿಯ ಮೇಲೆ ಸಣ್ಣದೊಂದು ಸೋಲಾರ್ ಹಲಗೆ ಇಟ್ಟು ಜೋಡಿಸಿ, ಪುಟ್ಟ ಫ್ಯಾನು ಹಾಕಿಕೊಟ್ಟಿದ್ದ. ಫ್ಯಾನು ಈಗಲೂ ತಿರುಗುತ್ತಿತ್ತು. ಹಗಲೆಲ್ಲ ತಿರುಗಿ ಸಂಜೆ ನಿಂತು, ಬಿಸಿಲು ಬಂದಾಗ ಮತ್ತೆ ತಿರುಗುತ್ತ, ಖಾಲಿ ಮಂಚದ ಮೇಲಿನ ಹಾಸಿಗೆಯ ಅಂಚನ್ನು ಅಲ್ಲಾಡಿಸುತ್ತಿತ್ತು. ನಿಲ್ಲಿಸಬೇಕೆಂದು ಅವನಿಗೆ ತೋಚಿರಲಿಲ್ಲ.

ಅವನು ಕ್ಲಿಪ್ಪು ಬಿಚ್ಚಿದ. ಫ್ಯಾನು ನಾಲ್ಕು ಸುತ್ತು ಸುತ್ತಿ ನಿಂತಿತು. ಅಳು ಬರಬಹುದೇನೋ ಎಂದು ಕಾದ. ಬರಲಿಲ್ಲ. ಬ್ಯಾಟರಿ ತೂಕವಾಗಿತ್ತು. ಎತ್ತಿ ಹೊಟ್ಟೆಗಾನಿಸಿಕೊಂಡು ಹೊರಟ.

ಅಂಗಳಕ್ಕೆ ಬಂದರೆ ನಿಂಬೆಗಿಡದ ಬಳಿ ಹಾಜಾ ನಿಂತಿದ್ದಳು. ಅವನ ಹಿಂದೆಯೇ ಬೀದಿ ದಾಟಿ ಬಂದಿದ್ದಳು ಅಂತ ಕಾಣುತ್ತದೆ. ಕೋಲೂರಿ ಬಗ್ಗಿ, ಮಣ್ಣಿನ ದಿಬ್ಬದ ಕಡೆ ಮುಖ ಮಾಡಿ ಏನೋ ಗೊಣಗುತ್ತಿದ್ದಳು. ಪ್ರಾರ್ಥನೆ ಓದುತ್ತಿದ್ದಾಳೆ ಎಂದುಕೊಂಡು ಅವನು ದಾಟಿ ಹೋದ.

ಬ್ಯಾಟರಿ ಕಾರಿನ ತಟ್ಟೆಗಿಂತ ಎರಡು ಬೆರಳು ದೊಡ್ಡದು. ಅಡ್ಡಲಾಗಿ ಕೂರಿಸಿ, ಹಾಜಾಳ ಮಂಚದಿಂದ ಸಡಿಲವಾಗಿ ನೇತಾಡುತ್ತಿದ್ದ ಹಗ್ಗ ಕೊಯ್ದು ಬಿಗಿದು ಕಟ್ಟಿದ. "ಈಗ ಹೊಡೀರಿ ಸೆಲ್ಫು."

ಈ ಸಲ ಇಂಜಿನ್ ತಿರುಗಿತು. ತಿರುಗಿತು, ತಿರುಗಿತು, ಹತ್ತಲಿಲ್ಲ. ಆ ಸದ್ದಿಗೆ ಬೇವಿನ ಮರದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ತಾಜಸ್ಸಿರ್ ಕೈ ಎತ್ತಿ ನಿಲ್ಲಿಸೆಂದ. ಮೂವರೂ ಉಸಿರು ಹಿಡಿದು ಬೀದಿಯ ಕಡೆ ಕಿವಿಗೊಟ್ಟರು. ಬೀದಿಯ ತುದಿಯ ಶಾಲೆಯಲ್ಲಿ ಬಂದೂಕಿನವರು ಬಿಡಾರ ಹೂಡಿದ್ದರು. ಇಖ್ಲಾಸ್ ಭೂಗೋಳ ಕಲಿಸುತ್ತಿದ್ದ ಶಾಲೆ ಅದೇ.

"ಏನೂ ಇಲ್ಲ," ಎಂದಳು ಹಾಜಾ. "ಈ ಹೊತ್ತಲ್ಲಿ ಮಲಗಿರ್ತಾರೆ ಹಾಳಾದವರು. ರಾತ್ರಿಯೆಲ್ಲ ಊರು ಸುಲಿದು ಸುಸ್ತಾಗಿರುತ್ತೆ. ನೀನು ನಿನ್ನ ಕೆಲಸ ನೋಡು."

ತಾಜಸ್ಸಿರ್ ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಹಿಡಿದ. "ಸ್ವಲ್ಪವೇ." ಇಖ್ಲಾಸ್ ಕೀ ತಿರುಗಿಸಿದಳು. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟಚಟ ಹಾರಿತು. ಒಂದು ಅವನ ಬೆರಳಿಗೂ ಹೊಡೆಯಿತು. ಕೈ ತಾನಾಗಿ ಹಿಂದಕ್ಕೆ ಬಂತು. ನೋವು ಮಾತ್ರ ಎಲ್ಲೋ ಪಕ್ಕದ ಮನೆಯಲ್ಲಿ ಆದ ಹಾಗಿತ್ತು.

"ಕರೆಂಟ್ ಇದೆ," ಎಂದ. "ಪೆಟ್ರೋಲ್ ಬರ್ತಿಲ್ಲ."

ಹಿಂದಿನ ಬಾಗಿಲಿನಿಂದ ತಲೆ ತೂರಿಸಿ, ಸೀಟಿಗೆ ಕಿವಿ ಹಚ್ಚಿ ಕೂತ. "ಸೆಲ್ಫ್ ಹೊಡೀಬೇಡಿ. ಕೀ ಅರ್ಧ ತಿರುಗಿಸಿ ಬಿಡಿ." ಟ್ಯಾಂಕಿನೊಳಗಿನ ಪಂಪು ಎರಡು ಸೆಕೆಂಡು ಗುಂಯ್‌ಗುಡಬೇಕು. ಸದ್ದೇ ಇಲ್ಲ. ಫ್ಯೂಸ್ ಪೆಟ್ಟಿಗೆ ತೆರೆದು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ಎಲ್ಲ ಸರಿಯಾಗಿತ್ತು. ಟ್ಯಾಂಕಿನ ತಳಕ್ಕೆ ಮರದ ತುಂಡಿನಿಂದ ನಾಲ್ಕು ತಟ್ಟು ತಟ್ಟಿದ. ಪಂಪು ಜಾಮಾಗಿದ್ದರೆ ಕೆಲವೊಮ್ಮೆ ಅಷ್ಟಕ್ಕೇ ಬಿಡುತ್ತದೆ. ಬಿಡಲಿಲ್ಲ. ಕೊನೆಗೆ ಹಿಂದಿನ ಸೀಟು ಕಿತ್ತು ಹೊರಗಿಟ್ಟ.

ಸೀಟಿನ ಕೆಳಗೆ ಇಲಿ ಸಂಸಾರ ಹೂಡಿತ್ತು. ಹತ್ತಿ, ಬಟ್ಟೆಚೂರು, ಖರ್ಜೂರದ ಬೀಜ, ಮುಸಅಬ್‌ನ ಒಂದು ಕಾಲುಚೀಲ. ಪಂಪಿಗೆ ಹೋಗುವ ಎರಡು ವೈರನ್ನು ತಾಮ್ರ ಕಾಣುವಷ್ಟು ಕಡಿದು, ಒಂದನ್ನು ಪೂರಾ ತುಂಡು ಮಾಡಿ ಹಾಕಿತ್ತು.

"ಇಲಿ," ಎಂದ ತಾಜಸ್ಸಿರ್.

ಹಾಜಾ ಕೋಲೂರಿಕೊಂಡು ಬಂದು ಬಗ್ಗಿ ನೋಡಿದಳು. "ನಮಗೆ ಹಿಡಿ ಹಿಟ್ಟಿಲ್ಲ, ಇಲ್ನೋಡು ಇದರ ಉಗ್ರಾಣ! ನನ್ನ ಖರ್ಜೂರನೇ ಕಣೋ ಇದು. ನಾನು ಇವಳ ಮೇಲೆ ಅನುಮಾನ ಪಟ್ಟಿದ್ದೆ."

"ಅಮ್ಮ!" ಎಂದಳು ಇಖ್ಲಾಸ್.

"ಏನಮ್ಮ? ನೀನು ಚಿಕ್ಕವಳಿದ್ದಾಗ ಕದೀತಿರ್ಲಿಲ್ವಾ?"

ಇಖ್ಲಾಸ್ ನಕ್ಕಳು. ನಗುತ್ತಿದ್ದವಳು ತಾಜಸ್ಸಿರ್‌ನ ಮುಖ ನೋಡಿ ನಿಲ್ಲಿಸಿದಳು. ಅವನಿಗೂ ಇದು ನಗುವ ಮಾತೆಂದು ಗೊತ್ತಾಗಿತ್ತು. ನಗಲು ಮುಖವನ್ನು ಏನು ಮಾಡಬೇಕೆಂದು ಮಾತ್ರ ತಿಳಿಯಲಿಲ್ಲ. ವೈರಿನ ತುದಿ ಹಲ್ಲಿನಲ್ಲಿ ಸುಲಿದು, ಹೊಸೆದು, ಟೇಪು ಸುತ್ತಿದ. ಟೇಪು ಒಂದಕ್ಕೇ ಸಾಕಾಯಿತು. ಇನ್ನೊಂದಕ್ಕೆ ಇಖ್ಲಾಸ್ ತನ್ನ ಮೇಜಿನ ಖಾನೆಯಿಂದ ಭೂಪಟ ಅಂಟಿಸುವ ಟೇಪು ತಂದುಕೊಟ್ಟಳು.

ಕೀ ಅರ್ಧ ತಿರುಗಿಸಿದಾಗ ಪಂಪು ಗುಂಯ್ ಎಂದಿತು. ಪೂರ್ತಿ ತಿರುಗಿಸಿದಾಗ ಇಂಜಿನ್ ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಸುಮ್ಮನಾಯಿತು. ಟ್ಯಾಂಕಿನ ಮುಚ್ಚಳ ತೆಗೆದು ಅವನು ಮೂಸಿ ನೋಡಿದ. ಏಳು ತಿಂಗಳಿನ ಪೆಟ್ರೋಲ್ ಬಣ್ಣದ ಡಬ್ಬಿಯ ವಾಸನೆ ಹೊಡೆಯುತ್ತಿತ್ತು. ಇದ್ದದ್ದೂ ತಳದಲ್ಲಿ ಒಂದಿಷ್ಟು.

"ಇದು ಕೆಟ್ಟಿದೆ. ಚೆಲ್ಬೇಕು. ಹೊಸದಿಲ್ದೆ ಆಗಲ್ಲ," ಎಂದು ಸಾಮಾನಿನ ಚೀಲದ ಬಾಯಿ ಕಟ್ಟತೊಡಗಿದ. ಹೊಸ ಪೆಟ್ರೋಲ್ ಇಡೀ ಬಹ್ರಿಯಲ್ಲಿ ಇರಲಿಲ್ಲ. ಕೆಲಸ ಇಲ್ಲಿಗೆ ಮುಗಿಯಿತು, ಇನ್ನು ಮನೆಗೆ ಹೋಗಿ ಕೂರಬಹುದು ಎಂದುಕೊಂಡ.

ಹಾಜಾ ಕಾಫಿಯ ಹೂಜಿ ಕೆಳಗಿಟ್ಟಳು. "ಇಖ್ಲಾಸ್, ನನ್ನ ಹಾಸಿಗೆ ಎತ್ತು."

ಒಲೆಯಿಂದ ನಾಲ್ಕು ಮಾರು ದೂರದಲ್ಲಿತ್ತು ಅವಳ ಹಗ್ಗದ ಮಂಚ. ಇಖ್ಲಾಸ್ ಕೌದಿ ಎತ್ತಿದಳು, ಅದರ ಕೆಳಗಿನ ಚಾಪೆ ಎತ್ತಿದಳು, ನೆಲದವರೆಗೆ ಇಳಿಬಿಟ್ಟಿದ್ದ ಹಳೆಯ ತೋಬ್ ಸೀರೆ ಸರಿಸಿದಳು. ಮಂಚದ ಕೆಳಗೆ ಎರಡು ಕ್ಯಾನುಗಳಿದ್ದವು, ತುಂಬಿದವು.

ತಾಜಸ್ಸಿರ್ ಒಂದರ ಮುಚ್ಚಳ ತೆಗೆದು ಮೂಸಿದ. ಒಲೆ ನೋಡಿದ. ಮಂಚ ನೋಡಿದ. "ಹಾಜಾ, ಇಷ್ಟು ದಿನ ಪೆಟ್ರೋಲ್ ಮೇಲೆ ಮಲಗಿದ್ರಾ? ಕೆಂಡ ಪಕ್ಕದಲ್ಲಿಟ್ಕೊಂಡು?"

"ಮತ್ತೆಲ್ಲಿ ಇಡ್ಲಿ? ಯುದ್ಧಕ್ಕೆ ವಾರ ಮುಂಚೆ ಜನರೇಟರಿಗೆ ಅಂತ ತರಿಸಿಟ್ಟಿದ್ದೆ. ಜನರೇಟರ್ ಒಯ್ದ್ರು ಅವರು. ಇದನ್ನ ಹುಡುಕ್ಕೊಂಡು ಬಂದಾಗ ನಾನು ಮಂಚದ ಮೇಲೆ ಮಲಗಿ, ಅಯ್ಯೋ ಹೊಟ್ಟೆ, ಅಯ್ಯೋ ಭೇದಿ ಅಂತ ನರಳ್ದೆ. ಮೂಗು ಮುಚ್ಕೊಂಡು ಓಡಿದ್ರು. ವಾಸನೆ ನನ್ನದೇ ಅಂದ್ಕೊಂಡಿರ್ಬೇಕು."

ಅವನು ಮೊದಲು ಒಲೆಗೆ ಮಣ್ಣು ಸುರಿದು ಆರಿಸಿದ. ಹಾಜಾ ಕಾಫಿಗಾಗಿ ಕೂಗಾಡಿದಳು. ಕೂಗಾಡಲಿ ಎಂದು ಬಿಟ್ಟ. ಟ್ಯಾಂಕಿನ ತಳದ ಬಿರಡೆ ಬಿಚ್ಚಿ ಹಳೆಯದನ್ನು ಬೋಗುಣಿಗೆ ಇಳಿಸಿದ. ಬಿರಡೆ ಬಿಗಿದು, ಬಟ್ಟೆ ಅಡ್ಡ ಹಿಡಿದು ಹೊಸದನ್ನು ಸೋಸಿ ತುಂಬಿದ. ನಾಲ್ಕೂ ಪ್ಲಗ್ ಬಿಚ್ಚಿ ಮಸಿ ಕೆರೆದ. ಕಿತ್ತಿಟ್ಟಿದ್ದ ಹಿಂದಿನ ಸೀಟನ್ನು ಆ ವೈರುಗಳ ಮೇಲೆ ಮತ್ತೆ ಕೂರಿಸಿದ. ರೇಡಿಯೇಟರಿಗೆ ಕುಡಿಯುವ ನೀರಿನ ಗುಡಾಣದಿಂದಲೇ ನಾಲ್ಕು ಚೊಂಬು ಹಾಕಿದ. ಟಯರುಗಳಿಗೆ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದ. ಅದೇ ಒಂದು ಗಂಟೆ ಹಿಡಿಯಿತು. ಬಿಸಿಲು ನೆತ್ತಿಗೇರುತ್ತಿತ್ತು. ಇಖ್ಲಾಸ್ ಎರಡು ಸಲ ನೀರು ತಂದು ಕೈಗಿಟ್ಟಳು. ಕುಡಿಯಿರಿ ಎಂದು ಅವಳು ಹೇಳಿದ ಮೇಲೆಯೇ ಅವನು ಕುಡಿದದ್ದು.

"ಗಂಟುಮೂಟೆ ಮೊದಲು ಒಳಗೆ ಹಾಕಿ," ಎಂದ. "ಸ್ಟಾರ್ಟ್ ಆಯ್ತು ಅಂದ್ರೆ ನಿಲ್ಲಿಸ್ಬೇಡಿ. ಶಾಲೆಯೋರಿಗೆ ಸದ್ದು ಕೇಳ್ಸುತ್ತೆ. ಗೇಟು ತೆಗೆದು ಸೀದಾ ಬಲಕ್ಕೆ, ಬೇಕರಿ ಹಿಂದಿನ ಓಣಿಯಿಂದ ದೊಡ್ಡ ರಸ್ತೆಗೆ. ಎರಡನೇ ಗೇರಿನಲ್ಲೇ ಹೋಗಿ, ರೇಸ್ ಕೊಡ್ಬೇಡಿ."

"ಆಯ್ತು, ಉಸ್ತಾ," ಎಂದಳು ಇಖ್ಲಾಸ್. ಅವಳ ದನಿ ಸಣ್ಣಗಿತ್ತು.

ಎರಡು ಚೀಲ, ಒಂದು ಪೆಟ್ಟಿಗೆ, ನೀರಿನ ಕ್ಯಾನು, ಹಾಜಾಳ ಪ್ರಾರ್ಥನೆಯ ಚಾಪೆ ಒಳಗೆ ಹೋದವು. ಹಾಜಾ ಹಿಂದಿನ ಸೀಟಿನಲ್ಲಿ ಕೂತಾಯಿತು. ಇಖ್ಲಾಸ್ ಗೇಟಿನ ಚಿಲಕ ತೆಗೆದು, ಬೀದಿಯಲ್ಲಿ ಆಚೀಚೆ ಹೋಗಿ ಬಂದಳು. ಈ ಸಲ ತಾಜಸ್ಸಿರ್ ತಾನೇ ಚಾಲಕನ ಸೀಟಿನಲ್ಲಿ ಅರ್ಧ ಕೂತು, ಒಂದು ಕಾಲು ನೆಲದ ಮೇಲೆ ಊರಿ, ಕೀ ತಿರುಗಿಸಿದ. ಪಂಪು ಗುಂಯ್ ಎಂದಿತು. ಸೆಲ್ಫ್ ಹೊಡೆದ. ಇಂಜಿನ್ ಕೆಮ್ಮಿತು, ತಡವರಿಸಿತು. ಕಾಲಿನಿಂದ ಮೆಲ್ಲಗೆ ಪುಸಲಾಯಿಸಿದ. ಹತ್ತಿತು. ಮೊದಲು ಮೂರು ಸಿಲಿಂಡರು, ಆಮೇಲೆ ನಾಲ್ಕನೆಯದೂ ಸೇರಿಕೊಂಡು, ಒಂದೇ ಸಮನೆ ಓಡತೊಡಗಿತು.

ಅವನು ಕೆಳಗಿಳಿದು ಸೀಟು ಬಿಟ್ಟುಕೊಟ್ಟ. "ಬನ್ನಿ ಟೀಚರಮ್ಮ, ಬೇಗ."

ಇಖ್ಲಾಸ್ ಬಂದಳು. ಅವನ ಪಕ್ಕದಿಂದ ಹಾದು, ಕಾರಿನ ಮುಂಭಾಗ ಸುತ್ತಿ, ಆಚೆ ಬದಿಯ ಬಾಗಿಲು ತೆಗೆದು ಕೂತಳು.

"ಈ ಕಡೆ," ಎಂದ ತಾಜಸ್ಸಿರ್.

"ನನಗೆ ಓಡಿಸೋಕೆ ಬರಲ್ಲ," ಎಂದಳು ಅವಳು. ಅವನ ಮುಖ ನೋಡಲಿಲ್ಲ.

ಅವನಿಗೆ ಮಾತು ಅರ್ಥವಾಗಲು ಹೊತ್ತು ಹಿಡಿಯಿತು. "ಮತ್ತೆ ಯಾರು ಓಡಿಸೋದು?"

"ಮುಸಅಬ್ ಒಂದು ಸಲ ಕಲಿಸೋಕೆ ಹೋಗಿ, ಇವಳು ಗೇಟಿಗೆ ಗುದ್ದಿ, ಮುಗೀತು ಕಲಿಕೆ," ಎಂದಳು ಹಾಜಾ ಹಿಂದಿನಿಂದ. "ನನಗೆ ಕತ್ತೆ ಬಿಟ್ರೆ ಬೇರೇನೂ ಓಡಿಸಿ ಗೊತ್ತಿಲ್ಲ. ನೀನೇ ಓಡಿಸ್ಬೇಕು."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪಾನಾ ಮುಟ್ತಿದ್ದೆಯಾ ನೀನು?"

ತಾಜಸ್ಸಿರ್ ತನ್ನ ಮನೆಯ ಕಡೆ ನೋಡಿದ. ಗೇಟು ಮುಚ್ಚಿತ್ತು. "ಬೀಗ..." ಎಂದ. ಬೇರೇನೋ ಹೇಳಬೇಕಿತ್ತು, ಬಾಯಿಗೆ ಬಂದದ್ದು ಅದೇ.

"ಇವಳು ಹಾಕಿದ್ದಾಳೆ. ಕೀಲಿ ನನ್ನ ಸೆರಗಲ್ಲಿದೆ. ಬತೂಲಳಿಗೆ ನಾನು ಹೇಳಿ ಬಂದಿದ್ದೀನಿ, ನೀನು ಬ್ಯಾಟರಿ ಹೊರ್ತಿದ್ದಾಗ. ನಿನ್ನ ಗಂಡನ್ನ ಒಯ್ತಿದ್ದೀನಿ, ಇಲ್ಲಿದ್ರೆ ಇನ್ನೊಂದು ಗುಂಡಿ ತೋಡ್ಬೇಕಾಗುತ್ತೆ, ತೋಡೋಕೆ ನನ್ನ ಕೈಲಿ ಶಕ್ತಿ ಇಲ್ಲ ಅಂದೆ. ಅವಳ ಮೈ ತೊಳ್ದವಳು ನಾನು, ತಾಜ್. ನನ್ನ ಮಾತಿಗೆ ಇಲ್ಲ ಅನ್ನಲ್ಲ ಅವಳು."

ಶಾಲೆಯ ಕಡೆಯಿಂದ ಒಂದು ಪಿಕಪ್ ಸ್ಟಾರ್ಟ್ ಆದ ಸದ್ದು ಕೇಳಿತು. ಡೀಸೆಲ್, ಸೈಲೆನ್ಸರ್ ಒಡೆದಿದೆ ಎಂದು ಅವನ ಕಿವಿ ಹೇಳಿತು. ಇಖ್ಲಾಸ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹಾಜಾ ತುಟಿ ಬಿಗಿದು ಅವನನ್ನೇ ನೋಡುತ್ತಿದ್ದಳು.

ಹೋಗುತ್ತೇನೆ ಎಂದು ಅವನು ತೀರ್ಮಾನಿಸಿದ್ದು ಯಾವಾಗ ಎಂದರೆ ಅಂಥ ಗಳಿಗೆಯೇ ಇರಲಿಲ್ಲ. ಗ್ರೀಸು ಮೆತ್ತಿದ ಅಂಗಿ, ಹರಿದ ಚಪ್ಪಲಿಯಲ್ಲಿ ಇದ್ದ ಹಾಗೆಯೇ ಸೀಟಿಗೆ ಜಾರಿದ. ಎಡಗಾಲು ಕ್ಲಚ್ ಒತ್ತಿತು, ಕೈ ಗೇರು ಹಾಕಿತು, ಕಾರು ಗೇಟು ದಾಟಿ ಬಲಕ್ಕೆ ಹೊರಳಿತು. ಕನ್ನಡಿಯಲ್ಲಿ ತನ್ನ ಮನೆಯ ಗೋಡೆಯ ಮೇಲಿಂದ ನಿಂಬೆಗಿಡದ ತುದಿ ಕಾಣುವುದೆಂದು ಗೊತ್ತಿತ್ತು. ಕನ್ನಡಿ ನೋಡಲಿಲ್ಲ. ಬೇಕರಿಯ ಹಿಂದಿನ ಓಣಿಯಲ್ಲಿ ಮೋರಿಗಲ್ಲು ಬಿದ್ದಿತ್ತು, ಅದನ್ನು ತಪ್ಪಿಸಬೇಕಿತ್ತು.

ಪಿಕಪ್ ಅವರ ಹಿಂದೆ ಬರಲಿಲ್ಲ. ಬೇರೆ ಕಡೆಗೆ ಹೋಯಿತು.

ಉತ್ತರದ ಹೆದ್ದಾರಿಯಲ್ಲಿ ಸುಟ್ಟ ಬಸ್ಸುಗಳು, ಬಾಗಿಲು ತೆರೆದುಕೊಂಡು ನಿಂತ ಲಾರಿಗಳು. ಅರ್ಧ ಗಂಟೆಯ ಮೇಲೆ ರಸ್ತೆಗೆ ಅಡ್ಡಲಾಗಿ ಡ್ರಮ್ಮುಗಳನ್ನಿಟ್ಟ ಜಾಗ ಬಂತು. ಬಂದೂಕು ಹಿಡಿದ ಮೂವರು ಯುವಕರು ನೆರಳಿನಿಂದ ಎದ್ದು ಬಂದರು. ಅವರಲ್ಲೊಬ್ಬ ಕಿಟಕಿಗೆ ಬಗ್ಗಿದ.

"ಇಂಜಿನ್ ಆಫ್ ಮಾಡು."

ತಾಜಸ್ಸಿರ್ ಆಫ್ ಮಾಡಿದ. ಕಾರು ಸುಮ್ಮನಾಯಿತು. ಆ ಮೌನ ಇಖ್ಲಾಸಳಿಗೆ ಹೇಗಿತ್ತೆಂಬುದು ಅವಳ ಉಸಿರಿನಲ್ಲೇ ಕೇಳಿತು.

"ಎಲ್ಲಿಗೆ?"

"ಶೆಂದಿಗೆ."

"ಗುರುತಿನ ಚೀಟಿ?"

ಅವನ ಬಳಿ ಇರಲಿಲ್ಲ. ಮನೆಯ ಬೀರುವಿನಲ್ಲಿತ್ತು. "ತಂದಿಲ್ಲ," ಎಂದ.

"ಕೈ ತೋರಿಸು."

ತೋರಿಸಿದ. ಯುವಕ ಅಂಗೈ ತಿರುಗಿಸಿ ನೋಡಿದ. ಬಂದೂಕು ಹಿಡಿದ ಗುರುತಿದೆಯೇ ಎಂದು ನೋಡುತ್ತಾರೆಂದು ತಾಜಸ್ಸಿರ್ ಕೇಳಿದ್ದ. ಅಲ್ಲಿದ್ದದ್ದು ಉಗುರಿನ ಸಂದಿಯವರೆಗೂ ಇಳಿದ ಕಪ್ಪು ಎಣ್ಣೆ.

"ಮೆಕ್ಯಾನಿಕ್ಕಾ?"

"ಹೂಂ."

"ಇವರ್ಯಾರು?"

"ನಾನು ಅವನ ತಾಯಿ," ಎಂದಳು ಹಾಜಾ, ತಲೆ ಹೊರಗೆ ಹಾಕಿ. "ನಿನಗೂ ಒಬ್ಬಳು ಇರ್ಬೇಕಲ್ಲ? ಬದುಕಿದ್ದಾಳಾ?"

ಯುವಕ ತಬ್ಬಿಬ್ಬಾದ. "ಇದ್ದಾಳೆ, ಹಾಜಾ."

"ನೀನು ಬಿಸಿಲಲ್ಲಿ ನಿಂತಿರೋದು ಅವಳಿಗೆ ಗೊತ್ತಾ? ತಲೆಗೊಂದು ಬಟ್ಟೆನಾದ್ರೂ ಸುತ್ಕೋ."

ಇನ್ನೊಬ್ಬ ಡಿಕ್ಕಿ ತೆಗೆಸಿ, ಪೆಟ್ಟಿಗೆ ಕೆದಕಿ, ಇಖ್ಲಾಸಳ ಫೋನು ಕಿಸೆಗೆ ಹಾಕಿಕೊಂಡು, ಹೋಗಿ ಎಂದು ಕೈ ಬೀಸಿದ.

ತಾಜಸ್ಸಿರ್ ಕೀ ಅರ್ಧ ತಿರುಗಿಸಿ ಪಂಪಿನ ಸದ್ದಿಗೆ ಕಾದ. ಬರಲಿಲ್ಲ. ಭೂಪಟದ ಟೇಪು ಬಿಸಿಗೆ ಬಿಟ್ಟುಕೊಂಡಿರಬೇಕು. ಕೀ ಹಿಂದಕ್ಕೆ ತಂದು, ಬಲಗೈಯನ್ನು ಹಿಂದೆ ಚಾಚಿ, "ಹಾಜಾ, ಸ್ವಲ್ಪ ಎದ್ದು ಕೂತ್ಕೊಳ್ಳಿ, ಜೋರಾಗಿ," ಎಂದ.

"ಏನು?"

"ಸೀಟಿನ ಮೇಲೆ ಜೋರಾಗಿ ಕೂತ್ಕೊಳ್ಳಿ."

ಮುದುಕಿ ಎರಡೂ ಕೈ ಊರಿ ಎದ್ದು, ಧೊಪ್ಪನೆ ಕೂತಳು. ಮತ್ತೊಮ್ಮೆ ಕೂತಳು. ಯುವಕರು ನಿಂತು ನೋಡುತ್ತಿದ್ದರು. ಅವನು ಕೀ ತಿರುಗಿಸಿದ. ಗುಂಯ್. ಸೆಲ್ಫ್ ಹೊಡೆದ, ಹತ್ತಿತು.

ಡ್ರಮ್ಮುಗಳನ್ನು ದಾಟಿ ಎರಡು ಕಿಲೋಮೀಟರ್ ಹೋದ ಮೇಲೆ ತನ್ನ ಬಲ ಮೊಣಕಾಲು ನಡುಗುತ್ತಿರುವುದನ್ನು ಅವನು ಕಂಡ. ನಡುಕ ನಿಲ್ಲಿಸಲು ನೋಡಿದ, ನಿಲ್ಲಲಿಲ್ಲ. ಹೆದರಿದ್ದೇನೆ ಎಂದುಕೊಂಡ. ಅದೊಂದು ಸುದ್ದಿಯ ಹಾಗೆ ಬಂತು. ಇಷ್ಟೂ ದಿನ ಗೋಡೆಯಾಚೆ ಗುಂಡು ಹಾರಿದಾಗ ಅವನಿಗೆ ಹೆದರಿಕೆ ಆಗಿರಲಿಲ್ಲ.

ಶೆಂದಿ ಮುಟ್ಟಿದಾಗ ಮಧ್ಯಾಹ್ನ ಇಳಿದು ಮೂರನೆಯ ನಮಾಜಿನ ಹೊತ್ತು. ಹಾಜಾಳ ತಮ್ಮ ಅವದ್ ನದಿ ಕಡೆಯ ಈರುಳ್ಳಿ ಹೊಲದಿಂದ ಆಗತಾನೇ ಬಂದಿದ್ದ. ಅಕ್ಕನನ್ನು ಕಂಡು ಬಾಗಿಲಲ್ಲೇ ಅಳತೊಡಗಿದ. ಹಾಜಾ ಅವನ ಬೆನ್ನಿಗೆ ಎರಡು ಗುದ್ದಿ, "ಆಮೇಲೆ ಅಳುವೆಯಂತೆ. ಮೊದಲು ಇವನನ್ನ ನೋಡು. ಇವನ ಹೆಂಡತಿ ಹೋಗಿದ್ದಾಳೆ. ಬೀದೀಲಿ ಜನ ಇರ್ಲಿಲ್ಲ. ಯಾರೂ ಬಂದು ಅವಳಿಗಾಗಿ ಫಾತಿಹಾ ಓದಿಲ್ಲ," ಎಂದಳು.

ಅವದ್ ಕಣ್ಣು ಒರೆಸಿಕೊಂಡ. ತಾಜಸ್ಸಿರ್‌ನ ಎದುರು ಬಂದು, ಎರಡೂ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, "ಅಲ್-ಫಾತಿಹಾ," ಎಂದ. ತಾಜಸ್ಸಿರ್‌ನ ಕೈಗಳೂ ಎದ್ದವು. ಇಬ್ಬರೂ ತುಟಿ ಆಡಿಸಿ ಓದಿ, ಮುಖಕ್ಕೆ ಕೈ ಸವರಿಕೊಂಡರು.

"ಯಾವತ್ತು ಹೋದ್ರು?" ಎಂದ ಅವದ್.

"ಒಂಬತ್ತನೇ ದಿನ," ಎಂದ ತಾಜಸ್ಸಿರ್. ಇವತ್ತು ಎಷ್ಟನೆಯದೆಂದು ಅವನಿಗೆ ಗೊತ್ತಿರಲಿಲ್ಲ. ಇಖ್ಲಾಸಳ ಕಡೆ ನೋಡಿದ.

"ಅವರು ಹೋಗಿ ಮೂವತ್ತೆಂಟು ದಿನ ಆಯ್ತು," ಎಂದಳು ಅವಳು.

ಅಂಗಳಕ್ಕೆ ನೀರು ಚಿಮುಕಿಸಿ ಚಾಪೆ ಹಾಸಿದರು. ಅವದ್ ಮಸೀದಿಗೆ ಹೇಳಿ ಕಳಿಸಿದ. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಗಂಡಸರು ಒಬ್ಬೊಬ್ಬರಾಗಿ, ಹೊಲದ ಮಣ್ಣಿನ ಕಾಲಿನಲ್ಲೇ, ಬರತೊಡಗಿದರು. ಬಂದವರು ಕೈ ಎತ್ತಿದರು. ಅವನು ಎದ್ದು ನಿಂತು ಕೈ ಎತ್ತಿದ. ಅವರು ಕೂತರು, ಅವನೂ ಕೂತ. ಮತ್ತೊಬ್ಬ ಬಂದ. ಅವನ ಕೈಯ ಗ್ರೀಸು ಇನ್ನೂ ಹೋಗಿರಲಿಲ್ಲ. ಯಾರೂ ಅದನ್ನು ನೋಡಿದಂತೆ ತೋರಿಸಿಕೊಳ್ಳಲಿಲ್ಲ. ಒಬ್ಬ ಹಣ್ಣುಹಣ್ಣು ಮುದುಕ ಪಕ್ಕದಲ್ಲೇ ಕೂತು, "ಹೆಸರೇನಪ್ಪ ಮಗಳದು?" ಎಂದು ಕೇಳಿದ. ಕಿವಿ ಮಂದ, ಸತ್ತವಳು ಮಗಳೆಂದು ತಿಳಿದಿದ್ದ.

"ಹೆಂಡ್ತಿ. ಬತೂಲ್," ಎಂದ ತಾಜಸ್ಸಿರ್. ಆಮೇಲೆ, ಯಾರೂ ಕೇಳದೆ, ಅವಳ ತಂದೆಯ ಹೆಸರು, ತಾತನ ಹೆಸರು, ಅವಳು ಹುಟ್ಟಿದ ಊರಿನ ಹೆಸರನ್ನೂ ಹೇಳಿದ.

"ಸಂಬಂಧ ಸಿಗುತ್ತೆ ಅವರದು ನಮಗೆ," ಎಂದ ಮುದುಕ, ಖಾತ್ರಿಯಿಂದ. ಸಿಗಲಿಕ್ಕಿಲ್ಲ. ಆದರೂ ತಾಜಸ್ಸಿರ್ ತಲೆಯಾಡಿಸಿದ.

ಯಾರೋ ಚಹಾ ತಂದು ಅವನ ಮುಂದಿಟ್ಟರು. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಗೇಟಿನ ಬಳಿ ಇನ್ನಿಬ್ಬರು ಚಪ್ಪಲಿ ಬಿಡುತ್ತಿದ್ದರು. ಲೋಟ ಕೆಳಗಿಟ್ಟು ಎದ್ದು ನಿಂತ.